ಮೂರು ಕಿಲೋಮೀಟರಿನ ಬೃಹತ್ ಮ್ಯಾರಥಾನ್

ಇವತ್ತು ಬೆಳಿಗ್ಗೆ ನಮ್ಮ ಬಡಾವಣೆಯಲ್ಲಿ ಮ್ಯಾರಥಾನ್ ಇತ್ತು. ಪಾರ್ಕಿನ ಗೇಟಿಗೆ 'ಬೃಹತ್ ಮ್ಯಾರಥಾನ್' ಅಂತ ಫ್ಲೆಕ್ಸ್ ಕಟ್ಟಿದ್ದರು. ಅದರ ಕೆಳಗೆ, ಷರತ್ತುಗಳು ಅನ್ವಯ ಅಂತ ಬರೆಯುವಷ್ಟೇ ಸಣ್ಣ ಅಕ್ಷರದಲ್ಲಿ, '3 ಕಿ.ಮೀ.'. ಪಾರ್ಕಿಂದ ಹೊರಟು, ನೀರಿನ ಟ್ಯಾಂಕ್ ಸುತ್ತು ಹಾಕಿ, ಗಣಪತಿ ಗುಡಿ ಮುಂದೆ ಹಾದು ವಾಪಸ್ ಪಾರ್ಕಿಗೆ. ಆಮೇಲೆ ಇಡ್ಲಿ, ವಡೆ, ಕಾಫಿ. ಸುಳ್ಳು ಯಾಕೆ ಹೇಳಲಿ, ಇಡ್ಲಿ ತುಂಬಾ ಚೆನ್ನಾಗಿತ್ತು. ನನ್ನ ತಕರಾರು ಇಡ್ಲಿಯ ಮೇಲಲ್ಲ.

ಸಮಿತಿಯವರು ಮೈಕಿನಲ್ಲಿ ಹೆಸರು ಕೂಗಿ ನನ್ನನ್ನು ವೇದಿಕೆಗೆ ಕರೆದರು. 'ನಮ್ಮ ಬಡಾವಣೆಯ ಹೆಮ್ಮೆಯ ಮ್ಯಾರಥಾನ್ ಪಟು' ಅಂದರು. ಪಕ್ಕದಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡ ಒಬ್ಬ ಹಿರಿಯರು ನಿಂತಿದ್ದರು. ಚಪ್ಪಲಿಯಲ್ಲೇ ಮೂರು ಕಿಲೋಮೀಟರ್ ನಡೆದು ಬಂದವರು. 'ಸಾಹೇಬರು ಎಪ್ಪತ್ತು ದಾಟಿದ ಮೇಲೆ ಮೊದಲ ಮ್ಯಾರಥಾನ್ ಮುಗಿಸಿದ್ದಾರೆ, ಥೇಟ್ ಇವರ ಹಾಗೆ!' ಅಂತ ನನ್ನ ಕಡೆ ಕೈ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಒಳಗೆ ಏನು ಕುದೀತಿತ್ತು ಅಂತ ನನಗೊಬ್ಬನಿಗೇ ಗೊತ್ತು.

ಮ್ಯಾರಥಾನ್ ಅಂದರೆ 42.195 ಕಿಲೋಮೀಟರ್ ಕಣ್ರೀ. ಅಷ್ಟೇ. ಹತ್ತಲ್ಲ, ಐದಲ್ಲ, ಮೂರಂತೂ ಅಲ್ವೇ ಅಲ್ಲ. ಇಪ್ಪತ್ತೊಂದು ಓಡಿದವರೂ ಮರ್ಯಾದೆಯಿಂದ 'ಹಾಫ್' ಅಂತ ಹೇಳಿಕೊಳ್ಳುತ್ತಾರೆ. ನಮ್ಮ ಲೆಕ್ಕದಲ್ಲಿ ಹೇಳೋದಾದರೆ, ಮೈಸೂರಿಂದ ಹೊರಟರೆ ಹತ್ತತ್ರ ಮಂಡ್ಯ. ಬಸ್ಸಿನಲ್ಲಿ ಕೂತರೇ ಒಂದು ನಿದ್ದೆ ಆಗುವ ದೂರ. ಅದನ್ನು ಕಾಲಲ್ಲಿ ಓಡಬೇಕು.

ಈ ಅಳತೆಯೂ ಸುಮ್ನೆ ಬಂದಿದ್ದಲ್ಲ. 1896ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಓಡಿದ್ದು ಸುಮಾರು 40 ಕಿ.ಮೀ. 1908ರಲ್ಲಿ ಲಂಡನ್ನಿನವರು ವಿಂಡ್ಸರ್ ಅರಮನೆಯಿಂದ ಶುರುಮಾಡಿ ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತಿದ್ದ ಜಾಗದ ಮುಂದೆ ಮುಗಿಸಿದರು. ಅವತ್ತು ಬಂದ ಲೆಕ್ಕವೇ 42.195. 1921ರಲ್ಲಿ ಅದೇ ಖಾಯಂ ಆಯಿತು. ಆ ಲಂಡನ್ ಓಟದಲ್ಲಿ ಇಟಲಿಯ ಡೊರಾಂಡೊ ಪಿಯೆಟ್ರಿ ಎಲ್ಲರಿಗಿಂತ ಮೊದಲು ಕ್ರೀಡಾಂಗಣಕ್ಕೆ ಬಂದ. ಬಂದವನು ಬಿದ್ದ, ಎದ್ದ, ಮತ್ತೆ ಬಿದ್ದ. ನೋಡಲಾರದೆ ಅಲ್ಲಿದ್ದವರು ಹಿಡಿದು ಗೆರೆ ದಾಟಿಸಿದರು. ಹಿಡಿದುಕೊಂಡಿದ್ದಕ್ಕೆ ಅವನನ್ನು ಅನರ್ಹಗೊಳಿಸಿ ಚಿನ್ನವನ್ನು ಇನ್ನೊಬ್ಬನಿಗೆ ಕೊಟ್ಟರು. ಕೊನೆಯ ಕೆಲವು ನೂರು ಮೀಟರ್, ಅದಕ್ಕೂ ರಿಯಾಯಿತಿ ಇರಲಿಲ್ಲ. ನಮ್ಮ ಬಡಾವಣೆಯಲ್ಲಿ 39 ಕಿಲೋಮೀಟರ್ ರಿಯಾಯಿತಿ!

ನಾನು ಓಡಿದ್ದು ಗೊತ್ತಲ್ವಾ, 2024ರ ಜನವರಿಯಲ್ಲಿ, ಮುಂಬೈಯಲ್ಲಿ. ಆಗ ಇಲ್ಲಿ ಉದ್ದುದ್ದ ಬರೆದು ನಿಮ್ಮ ತಲೆ ತಿಂದಿದ್ದೆ. ಹದಿನಾರು ವಾರ ತಯಾರಿ. ವಾರದ ದಿನ ಕುಕ್ಕರಹಳ್ಳಿ ಕೆರೆ ಏರಿ, ಭಾನುವಾರ ಲಾಂಗ್ ರನ್, ಶ್ರೀರಂಗಪಟ್ಟಣಕ್ಕೆ ಹೋಗಿ ಬರೋದು. ನಾಲ್ಕೂವರೆಗೆ ರಸ್ತೆಗಿಳಿದರೆ ನಾನು ಮತ್ತು ನಾಯಿಗಳು. ನನ್ನ ಪೇಸ್ ನೋಡಿ ನಾಯಿಗಳೂ ಅಟ್ಟಿಸಿಕೊಂಡು ಬರೋದನ್ನು ಬಿಟ್ಟಿದ್ದವು.

ಕತ್ತಲಿದ್ದಾಗಲೇ ಸಿಎಸ್‌ಎಂಟಿ ಸ್ಟೇಷನ್ ಮುಂದಿಂದ ಹೊರಟೆವು. ಮರೀನ್ ಡ್ರೈವ್ ಗಮ್ಮತ್ತಾಗಿತ್ತು. ಸೀ ಲಿಂಕ್ ಸೇತುವೆ ಮೇಲೆ ಸಮುದ್ರದ ಗಾಳಿ, ನಾನೇ ಕೀನ್ಯಾದವನು ಅನ್ನಿಸಿಬಿಟ್ಟಿತು. ಆಮೇಲೆ ನಿಜವಾದ ಎಲೀಟ್ ಓಟಗಾರರು, ನಮಗಿಂತ ಎಷ್ಟೋ ತಡವಾಗಿ ಹೊರಟವರು, ಪಕ್ಕದಲ್ಲೇ ಸುಯ್ ಅಂತ ಹೋದರು. ಅವರ ಕಾಲು ನೆಲ ಮುಟ್ಟಿದ ಸದ್ದೇ ಕೇಳಲಿಲ್ಲ. ನನ್ನದು ಒರಳಲ್ಲಿ ಕುಟ್ಟಿದ ಹಾಗೆ ಕೇಳ್ತಿತ್ತು.

ಮೂವತ್ತು ಕಿಲೋಮೀಟರ್‌ವರೆಗೂ ಪರವಾಗಿಲ್ಲ. ಮೈಯಲ್ಲಿ ಕೂಡಿಟ್ಟ ಗ್ಲೈಕೋಜೆನ್, ಅಂದರೆ ಓಡೋಕೆ ಬೇಕಾದ ಸಕ್ಕರೆಯ ದಾಸ್ತಾನು, ಆ ಸುಮಾರಿಗೆ ಬರಿದಾಗುತ್ತೆ. ಓಡುವವರು ಅದನ್ನು 'ವಾಲ್' ಅಂತಾರೆ. ಗೋಡೆ ಅಂದರೆ ಡಿಕ್ಕಿ ಹೊಡೆದ ಹಾಗೆ ಅಂದುಕೊಂಡಿದ್ದೆ. ಹಾಗಲ್ಲ. ಯಾರೋ ನಲ್ಲಿ ನಿಲ್ಲಿಸಿದ ಹಾಗೆ. ಕಾಲಿಗೆ ಹೇಳ್ತೀವಿ, ಕಾಲು ಕೇಳಲ್ಲ. ಅಂಥ ಹೊತ್ತಲ್ಲೇ ಪೆಡ್ಡರ್ ರೋಡಿನ ಏರು ಬರುತ್ತೆ, 35 ದಾಟಿದ ಮೇಲೆ. ಕಾರಿನಲ್ಲಿ ಹೋದರೆ ಅದು ಏರು ಅಂತಲೇ ಗೊತ್ತಾಗಲ್ಲವಂತೆ. ನನಗೆ ಚಾಮುಂಡಿ ಬೆಟ್ಟದ ಮೇಲೆ ಇನ್ನೊಂದು ಬೆಟ್ಟ ಇಟ್ಟ ಹಾಗೆ ಕಂಡಿತು. ಅಲ್ಲೇ ಬಲಗಾಲು ಹಿಡಿದುಕೊಂಡಿತು. ಮೀನಖಂಡ ಅಂತ ಯಾಕೆ ಹೆಸರಿಟ್ಟರು ಅಂತ ಅವತ್ತು ಅರ್ಥವಾಯಿತು. ಚರ್ಮದ ಕೆಳಗೆ ದಡಕ್ಕೆ ಬಿದ್ದ ಮೀನು ಒದ್ದಾಡಿದ ಹಾಗೆ ಒದ್ದಾಡ್ತಿದೆ, ಕಣ್ಣಿಗೇ ಕಾಣ್ತಿದೆ! ಫುಟ್‌ಪಾತ್ ಅಂಚಿನಲ್ಲಿ ಕೂತೆ. ಒಬ್ಬ ಅಜ್ಜಿ ಬಂದರು. ಸ್ಟೀಲ್ ತಟ್ಟೆಯಲ್ಲಿ ಕಿತ್ತಳೆ ತೊಳೆ, ಒಂದು ಮೂಲೆಯಲ್ಲಿ ಉಪ್ಪು. ಗುಜರಾತಿಯಲ್ಲಿ ಏನೋ ಬೈದರು, ಬೈಗುಳವೇ ಅನ್ನಿಸಿತು. ಬೆರಳಲ್ಲಿ ಉಪ್ಪು ಅದ್ದಿ ನನ್ನ ಅಂಗೈಗೆ ಒತ್ತಿದರು, ನೆಕ್ಕು ಅಂತ ಸನ್ನೆ ಮಾಡಿದರು. ನೆಕ್ಕಿದೆ. ನಲವತ್ತೇಳು ವರ್ಷದ ಬ್ಯಾಂಕ್ ಉದ್ಯೋಗಿ, ಬೀದಿಯಲ್ಲಿ ಕೂತು ಅಂಗೈ ನೆಕ್ಕುತ್ತಾ ಅಳ್ತಿದ್ದೆ. ನೋವಿಗಲ್ಲ. ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ.

5 ಗಂಟೆ 41 ನಿಮಿಷಕ್ಕೆ ಮುಗಿಸಿದೆ. ಎಡಗಾಲಿನ ಹೆಬ್ಬೆರಳ ಉಗುರು ಮೊದಲು ನೀಲಿ, ಆಮೇಲೆ ಕಪ್ಪು, ಶಿವರಾತ್ರಿ ಹೊತ್ತಿಗೆ ಕಳಚಿ ಬಿತ್ತು. ಮಗಳು ಅದನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ಇಟ್ಟಿದ್ದಾಳೆ.

ಹೋಟೆಲ್ ಲಿಫ್ಟಿನಲ್ಲಿ ಒಬ್ಬರು ಸಿಕ್ಕರು. ಘಮಘಮ ಅಂತಿದ್ದರು. 'ನಾವೂ ಮುಂಬೈ ಮ್ಯಾರಥಾನ್ ಮಾಡಿದ್ವಿ' ಅಂದರು. ಮಾಡಿದ್ದು ಡ್ರೀಮ್ ರನ್, ಸುಮಾರು ಆರು ಕಿಲೋಮೀಟರ್. ವೇಷ ಹಾಕಿಕೊಂಡು, ಸೆಲ್ಫಿ ತೆಗೆದುಕೊಂಡು ಖುಷಿಯಾಗಿ ಹೋಗೋದು. ಹೋಗಲಿ, ಬೇಡ ಅನ್ನಲ್ಲ. ಆದರೆ ನಾನು ಲಿಫ್ಟಿನ ಕಂಬಿ ಹಿಡಿದುಕೊಂಡು ನಿಂತಿದ್ದೀನಿ ಸ್ವಾಮಿ, ಒಂದೇ ಹೆಸರು ಯಾಕೆ ಇಬ್ಬರಿಗೂ?

ನನ್ನ ಹೆಂಡತಿಯ ವಾದವನ್ನೂ ಹೇಳಿಬಿಡ್ತೀನಿ, ಇಲ್ಲದಿದ್ದರೆ ಕಾಮೆಂಟಿನಲ್ಲಿ ಅವಳೇ ಬಂದು ಹೇಳ್ತಾಳೆ. 'ಹೆಸರು ಏನಾದ್ರೆ ನಿಮಗೇನ್ರೀ? ಭಾನುವಾರ ಎಂಟಕ್ಕೆ ಮುಂಚೆ ಏಳದ ಜನ ಆರಕ್ಕೆ ಎದ್ದು ಬಂದಿದ್ರು. 3 ಕಿ.ಮೀ. ಓಟ ಅಂದಿದ್ರೆ ಯಾರು ಬರ್ತಿದ್ರು?' ಸರಿ, ಇರಬಹುದು. ಹಾಗಂತ ನಾಳೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿ ಬಂದವರಿಗೆ ಎವರೆಸ್ಟ್ ಏರಿದ್ದೀರಿ ಅಂತ ಹಾರ ಹಾಕ್ತೀವಾ? ಬರ್ತಾರೆ ಅಂತ ಸುಳ್ಳು ಬರೆಯೋದಾದರೆ ಇಡ್ಲಿ ಅಂತಲೇ ದೊಡ್ಡದಾಗಿ ಬರೆಯಬಹುದಿತ್ತು, ಅದಾದರೂ ನಿಜ.

ಪೇಪರಿನವರನ್ನೂ ಬಿಡಲ್ಲ ನಾನು. 'ಮಂತ್ರಿಗಳ ಮ್ಯಾರಥಾನ್ ಸಭೆ.' ಎಸಿ ರೂಮಲ್ಲಿ ಕೂತು ಗೋಡಂಬಿ ತಿಂದಿದ್ದೂ ಮ್ಯಾರಥಾನ್!

ಇನ್ನು 'ಪಟು' ಅನ್ನೋ ಮಾತು. ಪಟು ಅಂದರೆ ಶಿವನಾಥ್ ಸಿಂಗ್. ಬರಿಗಾಲಲ್ಲಿ ಓಡಿ ಹೆಸರಾದವರು. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನ ಮ್ಯಾರಥಾನಿನಲ್ಲಿ ಹನ್ನೊಂದನೆಯವರಾಗಿ ಬಂದರು. 1978ರಲ್ಲಿ ಜಲಂಧರ್‌ನಲ್ಲಿ 2 ಗಂಟೆ 12 ನಿಮಿಷಕ್ಕೆ ಮುಗಿಸಿದರು. ಆ ದಾಖಲೆಯನ್ನು ಈ ದೇಶದಲ್ಲಿ ದಶಕಗಟ್ಟಲೆ ಯಾರೂ ಮುಟ್ಟಲಿಲ್ಲ. ಇಷ್ಟೆಲ್ಲ ಶೂ, ವಾಚು, ಜೆಲ್ ಬಂದ ಮೇಲೂ. ಆ ಮಾತನ್ನು ಅವರಿಗೆ ಬಿಡಿ. ನನ್ನನ್ನು ಓಡೋನು ಅನ್ನಿ, ಸಾಕು.

ಈಗ ಇನ್ನೊಂದು ವಿಷಯ ಹೇಳಬೇಕು. ಹೇಳದೆ ಈ ಪೋಸ್ಟ್ ಹಾಕಿದರೆ ರಾತ್ರಿ ನಿದ್ದೆ ಬರಲ್ಲ.

2017ರಲ್ಲಿ ಬೆಂಗಳೂರಿನಲ್ಲಿ 10ಕೆ, ಅಂದರೆ ಹತ್ತು ಕಿಲೋಮೀಟರ್, ಓಡಿದ್ದೆ. ಅದರ ಹೆಸರಿನಲ್ಲೇ ಟೆನ್ ಕೆ ಅಂತ ಇದೆ, 2008ರಿಂದಲೂ ಇದೆ. ಆದರೂ ಜನ ಅದನ್ನು ಬೆಂಗಳೂರು ಮ್ಯಾರಥಾನ್ ಅಂತಲೇ ಕರೀತಾರೆ. ಸೋಮವಾರ ಬ್ಯಾಂಕಿಗೆ ಹೋದರೆ ಮ್ಯಾನೇಜರ್ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು 'ಮ್ಯಾರಥಾನ್ ಓಡಿ ನಮ್ಮ ಶಾಖೆಗೆ ಕೀರ್ತಿ ತಂದಿದ್ದಾರೆ' ಅಂದರು. ನಾನು ಏನು ಮಾಡಿದೆ? ತಲೆ ಬಗ್ಗಿಸಿ ಪೇಟ ಸರಿಮಾಡಿಕೊಂಡೆ. ಫೋಟೋಗೆ ನಕ್ಕೆ. ಬುಟ್ಟಿ ಮನೆಗೆ ತಂದು ಸೇಬು ತಿಂದೆ. ಅಮ್ಮ ಆ ಫೋಟೋವನ್ನು ನೆಂಟರಿಷ್ಟರಿಗೆಲ್ಲ ತೋರಿಸಿ 'ನಮ್ಮ ಹುಡುಗ ಮ್ಯಾರಥಾನ್ ಓಡಿದ' ಅಂತ ಹೇಳುತ್ತಾ ಬಂದಳು. ತಿದ್ದಲಿಲ್ಲ. ಏಳು ವರ್ಷ ತಿದ್ದಲಿಲ್ಲ. ಮುಂಬೈಗೆ ಹೊರಟಾಗ ಅಮ್ಮ ಕೇಳಿದ್ದು, 'ಮತ್ತೆ ಯಾಕೋ? ಆವತ್ತೇ ಓಡಿದ್ಯಲ್ಲ?'

ಹಾಗಾಗಿ ಇವತ್ತು ವೇದಿಕೆ ಮೇಲೆ ನನಗೆ ಸಿಟ್ಟು ಯಾರ ಮೇಲೆ ಬಂತೋ. ಇಡ್ಲಿ ಸಾಲಿನಲ್ಲಿ ಆ ಮಂಕಿ ಕ್ಯಾಪ್ ಸಾಹೇಬರು ಮೆಲ್ಲಗೆ ಹತ್ತಿರ ಬಂದು ಕೇಳಿದರು. 'ನಿಜವಾದ್ದು ಎಷ್ಟು ದೂರ ಸಾರ್?' ಮಂಡ್ಯ ಅಂದೆ. ಒಂದು ನಿಮಿಷ ನನ್ನ ಮುಖ ನೋಡಿದರು. ಕೊರಳಿಂದ ಮೆಡಲ್ ತೆಗೆದು ಸ್ವೆಟರ್ ಜೇಬಿಗೆ ಹಾಕಿಕೊಂಡರು. ಅಯ್ಯೋ ಬೇಡ, ಹಾಕ್ಕೊಳ್ಳಿ ಸಾರ್ ಅಂದರೂ ಕೇಳಲಿಲ್ಲ. ನನಗೆ ವಡೆ ಸೇರಲಿಲ್ಲ.

ಈಗ ಬಡಾವಣೆ ವಾಟ್ಸಾಪ್ ಗ್ರೂಪಿನಲ್ಲಿ ಮುಂದಿನ ವರ್ಷದ ಹೆಸರಿಗೆ ಪೋಲ್ ಹಾಕಿದ್ದಾರೆ. 'ಬೃಹತ್ ಮ್ಯಾರಥಾನ್'ಗೆ ಇಲ್ಲಿಯವರೆಗೆ 64 ವೋಟು. ನಾನು ಜಗಳ ಮಾಡಿ ಸೇರಿಸಿದ 'ಬಡಾವಣೆ ಓಟ'ಕ್ಕೆ ಎರಡು. ಒಂದು ನನ್ನದು, ಇನ್ನೊಂದು ಆ ಸಾಹೇಬರದ್ದು. ಹೆಂಡತಿ ಬೃಹತ್‌ಗೆ ಹಾಕಿದ್ದಾಳೆ.