ಹಾಸನಾಂಬೆಯ ದೀಪ ಕೇಳೋರು ಶ್ರವಣಬೆಳಗೊಳವನ್ನು ಯಾಕೆ ಕೇಳಲ್ಲ?

ವರ್ಷಕ್ಕೊಮ್ಮೆ, ಆಶ್ವಯುಜದ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆ ಗುಡಿಯ ಬಾಗಿಲು ತೆಗೆಯುತ್ತಾರೆ. ಮುಚ್ಚುವಾಗ ಹಚ್ಚಿದ ದೀಪ ಮುಂದಿನ ವರ್ಷ ತೆರೆಯುವವರೆಗೂ ಆರುವುದಿಲ್ಲ ಅನ್ನುವುದು ನಂಬಿಕೆ. ಅದರ ಬೆನ್ನಿಗೇ ಫೇಸ್‌ಬುಕ್ಕಿನಲ್ಲಿ ಇನ್ನೊಂದು ಜಾತ್ರೆ ಶುರು. "ಹೋದ ವರ್ಷ ಹಚ್ಚಿದ ದೀಪ ಇನ್ನೂ ಉರೀತಿರುತ್ತೆ ಅಂದ್ರೆ ಹೇಗೆ?" ಅಂತ ಯಾರೋ ಒಬ್ಬರು ನಾಸ್ತಿಕರು ಕೇಳುತ್ತಾರೆ. ಕೆಳಗಿನ ಕಮೆಂಟುಗಳಲ್ಲಿ ದೀಪದ ಮಾತೇ ಇರುವುದಿಲ್ಲ. "ತಾಕತ್ತಿದ್ರೆ ಮಸೀದಿ ಬಗ್ಗೆ ಬರಿ", "ಚರ್ಚಿನ ಬಗ್ಗೆ ಬರಿ ನೋಡೋಣ" ಅನ್ನುವುದೇ ಎಲ್ಲ.

ಈ ಪ್ರಶ್ನೆಯನ್ನು ತಳ್ಳಿಹಾಕಬೇಕಿಲ್ಲ. ನಾಸ್ತಿಕರು ಬಹುಸಂಖ್ಯಾತರ ಧರ್ಮವನ್ನೇ ಹೆಚ್ಚು ಪ್ರಶ್ನಿಸುತ್ತಾರೆ ಅನ್ನುವುದು ನಿಜವೇ. ಕೇಳುವವರ ಲೆಕ್ಕದಲ್ಲಿ ಇದಕ್ಕೆ ಇರುವುದು ಎರಡೇ ಕಾರಣ: ಹೆದರಿಕೆ, ಇಲ್ಲವೇ ಓಲೈಕೆ. ಇವೆರಡನ್ನೂ ಒರೆಗೆ ಹಚ್ಚಲು ದೂರ ಹೋಗಬೇಕಿಲ್ಲ, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವೇ ಸಾಕು.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಜೈನರು ಶೇ. 0.72. ಅವರನ್ನು ಕಂಡು ಯಾರೂ ಹೆದರುವುದಿಲ್ಲ. ಓಲೈಸಿ ಚುನಾವಣೆ ಗೆಲ್ಲುವಷ್ಟು ಓಟೂ ಅಲ್ಲಿಲ್ಲ. ಹಾಗಂತ ಪ್ರಶ್ನೆ ಮಾಡಲು ವಿಷಯ ಕಡಿಮೆಯೇ? ಉಪವಾಸವಿದ್ದು ದೇಹ ಬಿಡುವ ಸಲ್ಲೇಖನವಿದೆ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟ್ ಅದನ್ನು ಆತ್ಮಹತ್ಯೆಗೆ ಸಮ ಎಂದಿತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಜೈನರು ಸೃಷ್ಟಿಕರ್ತ ದೇವರನ್ನು ಒಪ್ಪುವುದಿಲ್ಲ ನಿಜ, ಆದರೆ ಕರ್ಮ, ಪುನರ್ಜನ್ಮ ಎರಡನ್ನೂ ಒಪ್ಪುತ್ತಾರೆ. ನಾಸ್ತಿಕನಿಗೆ ಇಷ್ಟು ಸಾಕಲ್ಲವೇ? ಆದರೂ ಹಾಸನದ ನಾಸ್ತಿಕರು ಸಲ್ಲೇಖನದ ಬಗ್ಗೆ ಬರೆಯುವುದು ತೀರಾ ಅಪರೂಪ. ಹೆದರಿಕೆಯೇ ಕಾರಣವಾಗಿದ್ದರೆ ಎಲ್ಲರಿಗಿಂತ ಮೊದಲು ಬೈಸಿಕೊಳ್ಳಬೇಕಾದವರು ಜೈನರು. ಹಾಗಾಗಿಲ್ಲ. ಯಾಕೆಂದರೆ ಸಲ್ಲೇಖನ ಮಾಡು ಅಂತ ನಾಸ್ತಿಕನ ಮನೆಗೆ ಬಂದು ಯಾರೂ ಕೂರುವುದಿಲ್ಲ. ಜೈನ ಮುನಿಗಳ ಒಪ್ಪಿಗೆ ಸಿಗಲಿಲ್ಲ ಅಂತ ಅವನ ಮಗಳ ಮದುವೆ ನಿಲ್ಲುವುದೂ ಇಲ್ಲ.

ಈಗ ಹಿಂದೂ ಆಚರಣೆಗಳು ಅದೇ ನಾಸ್ತಿಕನಿಗೆ ಎಲ್ಲೆಲ್ಲಿ ಎದುರಾಗುತ್ತವೆ ನೋಡಿ. ಸೈಟಿಗೆ ವಾಸ್ತು, ಬೋರ್‌ವೆಲ್ಲಿಗೆ ತೆಂಗಿನಕಾಯಿ ಹಿಡಿದು ನೀರು ತೋರಿಸುವವರು, ಹೆಣ್ಣಿನ ಜಾತಕದಲ್ಲಿ ಕುಜದೋಷ, ರಾಹುಕಾಲ ಕಳೆಯಲಿ ಅಂತ ಕಾಯುವ ರಿಜಿಸ್ಟ್ರೇಷನ್, ಆಯುಧಪೂಜೆಯ ದಿನ ಕುಂಕುಮ ಬಳಿದುಕೊಂಡ ಸರ್ಕಾರಿ ಕಂಪ್ಯೂಟರ್. ಇದರಲ್ಲಿ ಯಾವುದನ್ನೂ ಅವನು ಹುಡುಕಿಕೊಂಡು ಹೋಗಿದ್ದಲ್ಲ. ಅಂಕಿಯಲ್ಲೇ ಹೇಳುವುದಾದರೆ ರಾಜ್ಯದಲ್ಲಿ ಹಿಂದೂಗಳು ಶೇ. 84, ಮುಸ್ಲಿಮರು 12.92, ಕ್ರೈಸ್ತರು 1.87. ಧರ್ಮ ಯಾವುದೆಂದು ನೋಡದೆ ಎದುರಾದ ಮೂಢನಂಬಿಕೆಯನ್ನೆಲ್ಲ ಟೀಕಿಸುವವನೂ ಜನಸಂಖ್ಯೆಯ ಲೆಕ್ಕದಲ್ಲಿ ನೂರಕ್ಕೆ ಸುಮಾರು ಎಂಬತ್ತನಾಲ್ಕು ಸಲ ಒಂದೇ ಕಡೆ ಬೆರಳು ತೋರಿಸಬೇಕಾಗುತ್ತದೆ.

ದೀಪದ ವಿಷಯಕ್ಕೇ ಬರೋಣ, ಅದನ್ನು ಹಾಗೇ ಬಿಡುವುದು ಬೇಡ. ಹತ್ತಿಬತ್ತಿಯ ಸಣ್ಣ ದೀಪ ಗಂಟೆಗೆ ಮೂರು ಮಿಲಿ ಎಣ್ಣೆ ಕುಡಿಯುತ್ತದೆ ಅಂತ ಕಡಿಮೆಯೇ ಹಿಡಿಯೋಣ. 350 ದಿನ ಅಂದರೆ 8,400 ಗಂಟೆ, ಎಣ್ಣೆ 25 ಲೀಟರ್‌ಗೂ ಹೆಚ್ಚು. ಎಣ್ಣೆ ಇದ್ದರೂ ಆಗುವುದಿಲ್ಲ. ಬತ್ತಿಯ ತುದಿಯಲ್ಲಿ ಮಸಿ ಕಟ್ಟಿ ಎಣ್ಣೆ ಮೇಲೇರುವುದು ನಿಲ್ಲುತ್ತದೆ, ಅದಕ್ಕೇ ನಂದಾದೀಪದ ಬತ್ತಿಯನ್ನು ಆಗಾಗ ಚಿವುಟಿ ಮುಂದಕ್ಕೆ ಸರಿಸುತ್ತಾರೆ. ಎಣ್ಣೆಯ ಮಟ್ಟ ಕೆಳಗಿಳಿದ ಹಾಗೆ ಬತ್ತಿ ಹೀರುವುದೂ ಕಡಿಮೆಯಾಗುತ್ತದೆ. ಬಾಗಿಲು ಭದ್ರವಾಗಿ ಮುಚ್ಚಿದ ಗರ್ಭಗುಡಿಯಾದರೆ ಗಾಳಿಯ ಪ್ರಶ್ನೆ ಬೇರೆ. ಪರೀಕ್ಷೆ ಮಾಡುವುದು ಕಷ್ಟವೇನಲ್ಲ: ಮುಚ್ಚುವಾಗ ದೀಪವನ್ನು ಎಣ್ಣೆ ಸಮೇತ ತೂಗುವುದು, ಒಳಗೊಂದು ಕ್ಯಾಮೆರಾ ಇಡುವುದು, ಬಾಗಿಲಿಗೆ ಮೊಹರು ಹಾಕುವುದು, ತೆರೆದ ದಿನ ಮತ್ತೆ ತೂಗುವುದು. ಇದನ್ನು ಕೇಳಿದರೆ ದೇವಿಯ ಭಕ್ತಿಗೆ ಏನೂ ಕುಂದು ಬರುವುದಿಲ್ಲ. ದೀಪದ ಕಥೆ ಗೊತ್ತಿಲ್ಲದ ಭಕ್ತರೂ ಕ್ಯೂನಲ್ಲಿ ನಿಲ್ಲುತ್ತಾರೆ.

ನಾಸ್ತಿಕ ಇದನ್ನೇ ಹಿಡಿದುಕೊಳ್ಳುವುದಕ್ಕೂ ಕಾರಣವಿದೆ. ಬಾಳೆಕಂದು ಕಡಿದು ಬಾಗಿಲು ತೆಗೆಯುವಾಗ ಅಲ್ಲಿ ಜಿಲ್ಲಾ ಉಸ್ತುವಾರಿ ಸಚಿವರು ಇರುತ್ತಾರೆ, ಜಿಲ್ಲಾಧಿಕಾರಿ ಇರುತ್ತಾರೆ, ಎಸ್‌ಪಿ ಇರುತ್ತಾರೆ. ಬ್ಯಾರಿಕೇಡು, ವಿಶೇಷ ದರ್ಶನದ ಟಿಕೆಟ್ಟು, ಬಸ್ಸಿನ ವ್ಯವಸ್ಥೆ ಎಲ್ಲವೂ ಆಡಳಿತದ್ದೇ. ಸರ್ಕಾರವೇ ಮುಂದೆ ನಿಂತು ನಡೆಸುವ ಕಡೆ ಪವಾಡದ ಮಾತು ಬಂದರೆ ಕೇಳುವ ಹಕ್ಕು ಪ್ರಜೆಗಿದೆ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಕರ್ತವ್ಯ ಅಂತ ಸಂವಿಧಾನದ 51ಎ(ಎಚ್) ವಿಧಿ ಹೇಳುತ್ತದೆ, ಅದು 1976ರ ತಿದ್ದುಪಡಿಯಲ್ಲಿ ಸೇರಿದ್ದು.

ಇನ್ನು ಜಾತಿ. 2015ರಲ್ಲಿ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ಬಸವೇಶ್ವರ ದೇವಸ್ಥಾನದೊಳಗೆ ಹೋದರು ಅಂತ ದಂಡ ಹಾಕಿದ್ದು ರಾಜ್ಯವೆಲ್ಲ ಸುದ್ದಿಯಾಯಿತು. ಅರಸೀಕೆರೆ, ಕಡೂರು ಕಡೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವರನ್ನು, ಬಾಣಂತಿಯರನ್ನು ಊರಾಚೆ ಇರಿಸುವ ರೂಢಿ ಇವತ್ತಿಗೂ ಪೂರ್ತಿ ಹೋಗಿಲ್ಲ. 2023ರಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ ಹಾಗೆ ಹೊರಗಿಟ್ಟ ಬಾಣಂತಿಯ ಹಸುಗೂಸು ಸತ್ತೇಹೋಯಿತು. ಇದನ್ನು ಬರೆಯುವಾಗ "ಮಸೀದಿಯಲ್ಲೂ ಹೆಂಗಸರನ್ನು ಬಿಡಲ್ಲವಲ್ಲ" ಅಂತ ಸೇರಿಸಲೇಬೇಕು ಅನ್ನುವವರಿಗೆ ಆ ಮಗುವಿನ ಬಗ್ಗೆ ಹೇಳಲು ಬೇರೇನೂ ಇರುವುದಿಲ್ಲ.

ಬೇರೆ ದೇಶಗಳಲ್ಲೂ ಇದೇ. ಇಂಗ್ಲೆಂಡಿನಲ್ಲಿ ತತ್ವಜ್ಞಾನಿ ಬರ್ಟ್ರೆಂಡ್ ರಸೆಲ್ 1927ರಲ್ಲಿ ತಾನೇಕೆ ಕ್ರೈಸ್ತನಲ್ಲ ಅಂತ ಭಾಷಣ ಮಾಡಿದರು. ತಾನೇಕೆ ಹಿಂದೂ ಅಲ್ಲ ಅಂತ ಹೇಳುವ ಅಗತ್ಯ ಅವರಿಗೆ ಬೀಳಲಿಲ್ಲ. ಅಲ್ಲಿನ ದೈವನಿಂದೆಯ ಕಾನೂನು 2008ರಲ್ಲಿ ರದ್ದಾಗುವವರೆಗೂ ಕಾಪಾಡುತ್ತಿದ್ದುದು ಕ್ರೈಸ್ತ ಧರ್ಮವನ್ನು ಮಾತ್ರ. ಸೌದಿಯಲ್ಲಿ ಬ್ಲಾಗ್ ಬರೆಯುತ್ತಿದ್ದ ರೈಫ್ ಬದಾವಿಗೆ 2014ರಲ್ಲಿ ಹತ್ತು ವರ್ಷ ಜೈಲು, ಸಾವಿರ ಛಡಿಯೇಟು ವಿಧಿಸಿದ್ದು ಇಸ್ಲಾಮಿನ ಹೆಸರಲ್ಲಿ. ಢಾಕಾದಲ್ಲಿ ಕೊಲೆಯಾದ ನಾಸ್ತಿಕ ಲೇಖಕ ಅಭಿಜಿತ್ ರಾಯ್ ವಿಷಯ ಇನ್ನೂ ಸ್ಪಷ್ಟ. ಅವರು ಹುಟ್ಟಿದ್ದು ಹಿಂದೂ ಕುಟುಂಬದಲ್ಲಿ, ಅಂದರೆ ಅಲ್ಲಿನ ಅಲ್ಪಸಂಖ್ಯಾತರಲ್ಲಿ. ಆದರೂ ಅವರ ಜಗಳ ಮುಖ್ಯವಾಗಿ ಇಸ್ಲಾಂ ಮೂಲಭೂತವಾದದ ಜೊತೆ, ಆ ದೇಶದಲ್ಲಿ ಜನರ ಬಾಯಿ ಮುಚ್ಚಿಸುತ್ತಿದ್ದುದು ಅದೇ ಆದ್ದರಿಂದ. 2015ರ ಫೆಬ್ರವರಿ 26ರಂದು ಅವರನ್ನು ಕೊಚ್ಚಿ ಕೊಂದರು. ಅಷ್ಟು ದೂರ ಯಾಕೆ, ಕೇರಳದ ಮುಸ್ಲಿಂ ಬಹುಸಂಖ್ಯಾತ ಮಲಪ್ಪುರಂನಲ್ಲಿ ಇ.ಎ. ಜಬ್ಬಾರ್ ಅವರಂಥ ಯುಕ್ತಿವಾದಿಗಳು ವರ್ಷಗಟ್ಟಲೆ ವಾದ ಮಾಡಿದ್ದು ಕುರಾನಿನ ಮೇಲೆಯೇ. ನಮ್ಮವರು ಅದನ್ನು ಓದುವುದಿಲ್ಲ, ಅಷ್ಟೇ.

ದಿನವೂ ಎದುರಾಗುವ ಧರ್ಮವನ್ನೇ ಪ್ರಶ್ನಿಸುವುದು ಒಂದು ಕಾರಣವಾದರೆ, ಎರಡನೆಯ ಕಾರಣ ತಿಳಿವಳಿಕೆ. ಸತ್ಯನಾರಾಯಣ ಕಥೆಯನ್ನು ಚಿಕ್ಕಂದಿನಿಂದ ಕೇಳಿದವನಿಗೆ ಅದರ ಸಂದುಗೊಂದೆಲ್ಲ ಗೊತ್ತು. ಕಲಾವತಿ ಪ್ರಸಾದ ಬಿಟ್ಟು ಓಡಿದ್ದಕ್ಕೆ ಗಂಡ ಹಡಗಿನ ಸಮೇತ ಮುಳುಗಿದ ಅನ್ನುವಾಗ ಆ ಹಡಗಿನಲ್ಲಿದ್ದ ಕೂಲಿಯಾಳುಗಳ ತಪ್ಪೇನು ಅಂತ ಅವನು ಸರಿಯಾಗಿ ಕೇಳಬಲ್ಲ. ಅದೇ ಮನುಷ್ಯ ಇಸ್ಲಾಂ ಬಗ್ಗೆ ಬರೆಯಹೊರಟರೆ ವಾಟ್ಸ್ಯಾಪಿನಲ್ಲಿ ಬಂದ ಅರ್ಧ ಸಾಲೇ ಬಂಡವಾಳ. "ಒಂದೇ ಉಸಿರಲ್ಲಿ ಮೂರು ಸಲ ತಲಾಖ್ ಅನ್ನು ಅಂತ ಕುರಾನ್ ಹೇಳುತ್ತೆ" ಅಂತ ಬರೆದ ಅಂದುಕೊಳ್ಳಿ. ಕುರಾನಿನಲ್ಲಿ ಹಾಗಿಲ್ಲ. ಅದನ್ನು ಊರ್ಜಿತ ಅಂತ ಹೇಳುತ್ತಾ ಬಂದದ್ದು ಇಲ್ಲಿನ ಸುನ್ನಿಗಳಲ್ಲಿ ಹೆಚ್ಚಿನವರು ಅನುಸರಿಸುವ ಹನಫಿ ಪಂಥದ ಕಾನೂನು, ಶಿಯಾಗಳು ಒಪ್ಪುವುದಿಲ್ಲ, ಅಹ್ಲೆ ಹದೀಸ್ ಅನ್ನುವ ಇನ್ನೊಂದು ಪಂಗಡದವರು ಒಂದೇ ತಲಾಖ್ ಅಂತ ಲೆಕ್ಕ ಹಿಡಿಯುತ್ತಾರೆ. ಮಸೀದಿಯ ಮೌಲ್ವಿ ಎರಡು ನಿಮಿಷದಲ್ಲಿ ಇವನ ಬಾಯಿ ಮುಚ್ಚಿಸುತ್ತಾರೆ. ಆ ಪದ್ಧತಿಯಿಂದ ನಿಜವಾಗಿ ನೊಂದ ಹೆಂಗಸಿನ ಮಾತೂ ಅದರ ಜೊತೆಗೇ ಹಗುರವಾಗುತ್ತದೆ.

ಒಳಗಿನವರು ಕೇಳಿದಾಗ ಏನಾಗುತ್ತದೆ ಅನ್ನುವುದಕ್ಕೆ ಹಾಸನದಲ್ಲೇ ಉದಾಹರಣೆ ಇದೆ. ಮುಸ್ಲಿಂ ಹೆಂಗಸರಿಗೂ ಮಸೀದಿಗೆ ಹೋಗುವ ಹಕ್ಕಿದೆ ಅಂದದ್ದಕ್ಕೆ ಬಾನು ಮುಷ್ತಾಕ್ ಅವರು 2000ದಲ್ಲಿ ಸಾಮಾಜಿಕ ಬಹಿಷ್ಕಾರ ಎದುರಿಸಿದರು. ಮಹಾರಾಷ್ಟ್ರದ ಹಮೀದ್ ದಳವಾಯಿ 1966ರಲ್ಲೇ ಏಳು ಜನ ಮುಸ್ಲಿಂ ಹೆಂಗಸರನ್ನು ಮುಂಬೈಯಲ್ಲಿ ಮೆರವಣಿಗೆ ಹೊರಡಿಸಿದ್ದರು, ತಲಾಖ್ ವಿರುದ್ಧ. "ಯಾರೂ ಕೇಳಲಿಲ್ಲ" ಅನ್ನುವವರು ಇವರನ್ನು ಲೆಕ್ಕಕ್ಕೇ ಹಿಡಿದಿಲ್ಲ.

ಹೆದರಿಕೆ ಇಲ್ಲವೇ ಇಲ್ಲ ಅಂದರೆ ಅದು ಸುಳ್ಳು. ಕೊಯಮತ್ತೂರಿನ ಫಾರೂಕ್ ನಾಸ್ತಿಕ ಅನ್ನುವ ಕಾರಣಕ್ಕೆ 2017ರ ಮಾರ್ಚ್‌ನಲ್ಲಿ ಕೊಲೆಯಾದರು. ಆದರೆ ಹೆದರಿಕೆ ಒಂದೇ ಕಡೆಯದ್ದಲ್ಲ: ದಾಭೋಲ್ಕರ್, ಪಾನ್ಸರೆ, ಕಲಬುರ್ಗಿ, ಗೌರಿ ಲಂಕೇಶ್ ಅವರನ್ನೂ ಗುಂಡಿಕ್ಕಿ ಕೊಂದರು. ಇನ್ನು ಚರ್ಚು. 2012ರಲ್ಲಿ ಮುಂಬೈಯ ಚರ್ಚೊಂದರ ಶಿಲುಬೆಯ ಕಾಲಿನಿಂದ ನೀರು ತೊಟ್ಟಿಕ್ಕುತ್ತಿತ್ತು, ಜನ ತೀರ್ಥವೆಂದು ಹಿಡಿದುಕೊಂಡರು. ಯುಕ್ತಿವಾದಿ ಸನಲ್ ಇಡಮರುಕು ಹೋಗಿ ನೋಡಿದರೆ ಪಕ್ಕದ ಮೋರಿ ಕಟ್ಟಿಕೊಂಡಿತ್ತು. ಆ ನೀರು ಗೋಡೆಯಲ್ಲಿ ಬತ್ತಿಯ ಎಣ್ಣೆಯ ಹಾಗೇ ಮೇಲೇರಿ ಮೊಳೆಯ ತೂತಿನಿಂದ ಹೊರಬರುತ್ತಿತ್ತು. ಇದನ್ನು ಹೇಳಿದ್ದಕ್ಕೆ ಧಾರ್ಮಿಕ ಭಾವನೆಗೆ ಧಕ್ಕೆ ತಂದರು ಅಂತ ಭಾರತೀಯ ದಂಡ ಸಂಹಿತೆಯ 295ಎ ಅಡಿ ದೂರುಗಳು. ಅವರು ಫಿನ್ಲೆಂಡಿಗೆ ಹೋಗಿ ನೆಲೆಸಬೇಕಾಯಿತು. ಆ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 299, ಮೂರು ವರ್ಷದವರೆಗೆ ಜೈಲು, ಎಲ್ಲ ಧರ್ಮಕ್ಕೂ ಒಂದೇ.

ನಾಸ್ತಿಕರ ತಪ್ಪು ಬೇರೆ ಕಡೆ ಇದೆ. 2017ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟ್ ತ್ರಿವಳಿ ತಲಾಖನ್ನು ಅಸಿಂಧು ಅಂದಾಗ ನಮ್ಮಲ್ಲಿ ಕೆಲವರು ಬಾಯಿಬಿಟ್ಟು ಸ್ವಾಗತಿಸಲಿಲ್ಲ. ಕೇಂದ್ರ ಸರ್ಕಾರಕ್ಕೆ ಹೆಸರು ಬಂದೀತು ಅನ್ನುವ ಲೆಕ್ಕಾಚಾರ. ಅದು ರಾಜಕೀಯ, ವಿಚಾರವಾದವಲ್ಲ. ಹಾಗೆಯೇ, ಮನೆಯಲ್ಲಿ ಜಾತಕ ನೋಡಿಸಿಕೊಂಡು ಫೇಸ್‌ಬುಕ್ಕಿನಲ್ಲಿ ಬುರ್ಖಾವನ್ನು ಮಾತ್ರ ಟೀಕಿಸುವವನನ್ನು ನಾಸ್ತಿಕ ಅಂತ ಕರೆಯುವುದೂ ಬೇಡ.

ಮಸೀದಿ, ಚರ್ಚಿನ ಬಗ್ಗೆ ಬರೆಯಿರಿ ಅನ್ನುವವರಿಗೆ ಇನ್ನೊಂದು ದಾರಿಯೂ ಇದೆ, ಅದಕ್ಕೆ ನಾಸ್ತಿಕರ ಅಪ್ಪಣೆ ಬೇಕಿಲ್ಲ. ಜನರು ಮೌಢ್ಯ ನಿಷೇಧ ಕಾಯ್ದೆ ಅಂತ ಕರೆಯುವ ಕರ್ನಾಟಕದ 2017ರ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ಒಂದರಿಂದ ಏಳು ವರ್ಷ ಜೈಲು, ಐದರಿಂದ ಐವತ್ತು ಸಾವಿರ ದಂಡ. ಅದರ ಅನುಸೂಚಿಯಲ್ಲಿರುವುದು ಕೃತ್ಯಗಳು: ದೆವ್ವ ಬಿಡಿಸುತ್ತೇನೆಂದು ಹೊಡೆಯುವುದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಹೋಗಗೊಡದೆ ಮಂತ್ರ ಹಾಕುವುದು, ಮುಟ್ಟಾದವರನ್ನು ಊರಾಚೆ ಇರಿಸುವುದು. ಹೊಡೆದವನು ಮಂತ್ರವಾದಿಯಾದರೂ ಒಂದೇ, ತಾಯತ ಕಟ್ಟುವವನಾದರೂ ಒಂದೇ. ಮಹಾರಾಷ್ಟ್ರದಲ್ಲಿ 2013ರಲ್ಲಿ ಇಂಥದ್ದೇ ಕಾನೂನು ಬಂದಾಗ ಮೊದಲು ದಾಖಲಾದ ನಾಂದೇಡ್ ಪ್ರಕರಣದಲ್ಲಿ ಸಿಕ್ಕಿಬಿದ್ದವರು ಪವಾಡದ ಔಷಧಿ ಕೊಡುತ್ತಿದ್ದ ಇಬ್ಬರು ಮುಸ್ಲಿಮರು. ಅದನ್ನು ತರಲು ಹೋರಾಡಿ ಜೀವ ಕೊಟ್ಟವರು ಹಿಂದೂವಿರೋಧಿ ಅನ್ನಿಸಿಕೊಂಡಿದ್ದ ದಾಭೋಲ್ಕರ್.

ದೂರು ಕೊಡುವುದಾದರೆ ಮೊದಲು ವಿನಾಯಿತಿಗಳನ್ನು ಓದಿಕೊಳ್ಳಿ. ಪೂಜೆ, ನಮಾಜು, ಪ್ರಾರ್ಥನೆ, ಯಾತ್ರೆ, ಭಜನೆ, ಜ್ಯೋತಿಷ್ಯ, ವಾಸ್ತು ಯಾವುದೂ ಈ ಕಾಯ್ದೆಗೆ ಸಿಗುವುದಿಲ್ಲ. "ದರ್ಗಾದಲ್ಲಿ ಮೌಢ್ಯ ನಡೆಯುತ್ತಿದೆ" ಅಂತ ಬರೆದ ಅರ್ಜಿ ಅಲ್ಲೇ ಬಿದ್ದುಹೋಗುತ್ತದೆ. ಯಾವ ಊರು, ಯಾವ ದಿನ, ಯಾರಿಗೆ ಏನು ಮಾಡಿದರು, ಎಷ್ಟು ದುಡ್ಡು ಇಸಿದುಕೊಂಡರು, ಮೈಮೇಲೆ ಗಾಯವಿದ್ದರೆ ಆಸ್ಪತ್ರೆಯ ಚೀಟಿ, ನೋಡಿದವರು ಯಾರು, ಇಷ್ಟು ಬೇಕು. ಎರಡು ಪ್ರತಿ ಬರೆದುಕೊಂಡು ಹೋಗಿ, ನಿಮ್ಮ ಪ್ರತಿಯ ಮೇಲೆ ಠಾಣೆಯ ಮೊಹರು ಹಾಕಿಸಿಕೊಳ್ಳಿ.