ಬಿಸಿಲಿನ ಈ ಪಂಚಾಯಿತಿ ಸಾಕು

ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ ವಿಜಯಪುರದ ನಮ್ಮ ಮನೆಯಲ್ಲಿ ಕರೆಂಟು ಹೋಯಿತು. ಕೂಲರ್ ನಿಂತಿತು. ನಲ್ಲಿ ತಿರುಗಿಸಿದರೆ ಮಾಳಿಗೆಯ ಟ್ಯಾಂಕಿನಿಂದ ಕಾದ ನೀರು, ಕೈ ಚುರುಕ್ ಎಂದಿತು. ಅದೇ ಹೊತ್ತಿಗೆ ಮೊಬೈಲ್ ಬಡಿದುಕೊಂಡಿತು. ಮಂಗಳೂರಿನ ಅಕ್ಕ, ಚೆನ್ನೈನ ಅಣ್ಣ, ಇಬ್ಬರೂ ಒಂದೇ ಕರೆಯಲ್ಲಿ. ಯಾರ ಊರಿನ ಸೆಕೆ ದೊಡ್ಡದು ಎಂಬ ಅದೇ ಜಗಳ!

ಪ್ರತಿ ಬೇಸಿಗೆಗೂ ಇದೇ. "ಸ್ನಾನ ಮಾಡಿ ಮೈ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಬೆವರು" ಎನ್ನುತ್ತಾಳೆ ಅಕ್ಕ. "ನಿನಗೆ ಜೂನ್‌ನಲ್ಲೇ ಮುಂಗಾರು. ನಾವು ದೊಡ್ಡ ಮಳೆಗೆ ಅಕ್ಟೋಬರ್‌ವರೆಗೆ ಕಾಯಬೇಕು" ಎನ್ನುತ್ತಾನೆ ಅಣ್ಣ. ಎರಡೂ ನಿಜವೇ. ಆದರೆ ಕೊನೆಗೆ ಇಬ್ಬರೂ ಸೇರಿ ನನ್ನ ಮೇಲೇಕೆ ಬೀಳಬೇಕು? "ನಿಮ್ಮದು ಒಣ ಬಿಸಿಲು, ನೆರಳಿಗೆ ಹೋದರೆ ತಂಪು" ಅಂತೆ!

ಯಾವ ನೆರಳು? 42 ಡಿಗ್ರಿಯಲ್ಲಿ ಬೇವಿನ ಮರದ ಕೆಳಗೂ ಬೀಸುವುದು ಒಲೆಯ ಝಳವೇ. ಒಣ ಗಾಳಿಗೆ ನಮ್ಮ ಬೆವರು ಹುಟ್ಟಿದ ಕೂಡಲೇ ಆರಿಹೋಗುತ್ತದೆ, ಅಂಗಿಯ ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆಯಷ್ಟೇ ಉಳಿಯುತ್ತದೆ. ಬೆವರು ಕಾಣದಿದ್ದರೆ ಬೇಗೆಯೇ ಇಲ್ಲವೇ? ಅವರಿಗೆ ಕಡಲ ಗಾಳಿಯಾದರೂ ಇದೆ. ನಮಗೇನಿದೆ? ಹಗಲೆಲ್ಲ ಕಾದ ಗೋಡೆಗಳು ರಾತ್ರಿ ಹನ್ನೊಂದಕ್ಕೂ ಬಿಸಿ ಉಗುಳುತ್ತವೆ, ಹಾಸಿಗೆ ಮುಟ್ಟಿದರೆ ಈಗಷ್ಟೇ ಇಸ್ತ್ರಿ ಮಾಡಿದಂತಿರುತ್ತದೆ.

ನಿನ್ನೆ ಮಾತಿನ ನಡುವೆಯೇ ಫೋನ್ ಇಟ್ಟುಬಿಟ್ಟೆ. ಅವ್ವ ಅಂಗಳಕ್ಕೆ ನೀರು ಚಿಮುಕಿಸುತ್ತಿದ್ದಳು. ಅವಳು ತಂಬಿಗೆ ತುಂಬಿಕೊಂಡು ಬರುವಷ್ಟರಲ್ಲಿ ಮೊದಲು ಚಿಮುಕಿಸಿದ್ದು ಆರಿಹೋಗಿತ್ತು.