ಬಚ್ಚಲೊಲೆ ಇಲ್ಲದ ಮನೆ

ನಮ್ಮನೆ ದಿವಾನ್ ಕಾಟ್ ಮುಚ್ಚೋಕೆ ಇಬ್ರು ಬೇಕು. ಒಬ್ರು ಈಚೆಗೆ ಇಣುಕ್ತಿರೋ ಕೈಕಾಲು ಬಾಲ ಎಲ್ಲ ಒಳಗೆ ತಳ್ಳೋಕೆ, ಇನ್ನೊಬ್ರು ಹಲಗೆ ಮೇಲೆ ಕೂರೋಕೆ. ಬೇಸಿಗೆ ರಜ ಶುರುವಾದ ಮೊದಲನೇ ಭಾನುವಾರ ನಾನು ಹಲಗೆ ಮೇಲೆ ಕೂತಿದ್ದಾಗ ಕೆಳಗಿಂದ ಪ್ಲಾಸ್ಟಿಕ್ ಹಸು ಒಂದು ಇಂಗ್ಲಿಷ್ ರೈಮ್ ಹಾಡೋಕೆ ಶುರು ಮಾಡ್ತು, ಬಗ್ಗಿದ್ದ ನಮ್ಮನೆಯವರು ಮುಖ ಎತ್ತಿ ನನ್ನ ನೋಡಿದ್ರು, ಇವತ್ತು ಈ ಆಟದ ಸಾಮಾನನ್ನೆಲ್ಲ ಆಚೆಗೆ ಹಾಕೇಬಿಡೋದು ಅಂತ ಇಬ್ರೂ ಬಾಯಿ ಬಿಡದೇನೇ ತೀರ್ಮಾನ ಆಯ್ತು.

ಹಾಲ್‌ನಲ್ಲಿ ಹಳೇ ಬೆಡ್‌ಶೀಟ್ ಹಾಸಿ ಎಲ್ಲ ಸುರಿದ್ವಿ. ಚಕ್ರ ಇಲ್ಲದ ಕಾರುಗಳು, ಕಾರಿಲ್ಲದ ಚಕ್ರಗಳು, ಬಾಲ ಮುರಿದ ಡೈನೋಸಾರ್, ಒಂದೇ ಒಂದು ಪೀಸ್ ಕಳೆದುಹೋಗಿರೋ ಪಜಲ್ ನಾಲ್ಕು ಡಬ್ಬ (ಆ ಒಂದು ಪೀಸ್ ಎಲ್ಲಿಗೆ ಹೋಗುತ್ತೆ ಅನ್ನೋದು ನನಗೆ ಇವತ್ತಿಗೂ ಅರ್ಥ ಆಗಿಲ್ಲ), ಗಟ್ಟಿಯಾಗಿ ಕಲ್ಲಾಗಿರೋ ಸ್ಲೈಮ್, ಆಮೇಲೆ 2021ರಲ್ಲಿ ಊರ ತುಂಬ ಎಲ್ಲ ಮಕ್ಕಳ ಕೈಲೂ ಇದ್ದ, ಗುಳ್ಳೆ ಒತ್ತಿ ಆಡೋ ಆ ಪಾಪ್ ಇಟ್ ಏಳು. ಇದ್ರಲ್ಲಿ ನಾವು ದುಡ್ಡು ಕೊಟ್ಟು ತಂದಿದ್ದು ಅರ್ಧ ಕೂಡ ಇಲ್ಲ. ಮಿಕ್ಕಿದ್ದೆಲ್ಲ ರಿಟರ್ನ್ ಗಿಫ್ಟು. ನಮ್ಮ ಕಡೆ ಮದುವೆ ಮುಂಜಿಗೆ ಹೋದವರಿಗೆ ತಾಂಬೂಲ ಕೊಟ್ರೆ ತೆಂಗಿನಕಾಯಿ ಮಾರನೇ ದಿನ ಚಟ್ನಿ ಆಗೋದು, ಎಲೆ ಅಡಿಕೆ ಅಜ್ಜಿ ಬಾಯಿಗೆ ಹೋಗೋದು, ಕಥೆ ಮುಗೀತು. ಈ ಬರ್ತ್‌ಡೇ ತಾಂಬೂಲ ಮಾತ್ರ ಯಾರ ಬಾಯಿಗೂ ಹೋಗಲ್ಲ. ನಮ್ಮವನ ಕ್ಲಾಸಲ್ಲಿ ಮೂವತ್ತು ಮಕ್ಕಳು, ಅಂದ್ರೆ ವರ್ಷಕ್ಕೆ ಹತ್ತಿರ ಹತ್ತಿರ ಮೂವತ್ತು ಪೌಚು, ಮಗಳದ್ದು ಸೇರಿಸಿದ್ರೆ ಅರವತ್ತು. ನಾವೇನು ಕಮ್ಮಿ ಅಲ್ಲ ಬಿಡಿ, ಹೋದ ವರ್ಷ ನಾವೂ ಮೂವತ್ತು ಜನಕ್ಕೆ ಲೈಟ್ ಬರೋ ಯೋಯೋ ಹಂಚಿದೀವಿ.

ಸರಿ, ಇಡೋದು ಯಾವುದು, ಕೊಡೋದು ಯಾವುದು ನೀನೇ ಹೇಳು ಅಂತ ಮಗನಿಗೆ ಬಿಟ್ವಿ. ಅವನಿಗೆ ಆರು ವರ್ಷ. ಎರಡೂವರೆ ಸಾವಿರದ ರಿಮೋಟ್ ಕಾರನ್ನ ಕೊಡೋ ಕಡೆಗೆ ತಳ್ಳಿದ, ತಿರುಗಿ ಕೂಡ ನೋಡ್ಲಿಲ್ಲ. ನಮ್ಮನೆಯವರ ಮುಖ ಬಾಡಿತು, ತಂದಿದ್ದು ಅವರು, ನಿಜ ಹೇಳಬೇಕಂದ್ರೆ ಆಡ್ತಿದ್ದಿದ್ದೂ ಅವರೇ. ಆಮೇಲೆ ನಾನು ಒಂದು ಕವರ್ ಎತ್ತಿ ಸೀದಾ ಕಸದ ಡಬ್ಬಕ್ಕೆ ಹಾಕಿದೆ ನೋಡಿ, ಅಯ್ಯೋ ಅಂತ ಕಿರುಚ್ಕೊಂಡು ಓಡಿ ಬಂದ. ಒಳಗೆ ಇಪ್ಪತ್ತು ಲೀಟರ್ ನೀರಿನ ಕ್ಯಾನ್ ಮುಚ್ಚಳಗಳು. 43 ಇದೆ ಅಂತ ಅವನಿಗೆ ಲೆಕ್ಕ ಗೊತ್ತು. ಯಾತಕ್ಕೋ ಇದು ಅಂದ್ರೆ, 100 ಆದ್ಮೇಲೆ ಹೇಳ್ತೀನಿ ಅಂದ.

ಈ ವಿಷಯದಲ್ಲಿ ದಾರಿ ತೋರಿಸೋರು ಬೇಕಾದಷ್ಟು ಜನ ಇದಾರೆ. ಜಪಾನಿನ ಮರೀ ಕೊಂಡೊ ಹೇಳಿದ್ದು ಎಲ್ಲರಿಗೂ ಗೊತ್ತು, ಸಾಮಾನು ಕೈಗೆತ್ಕೊಳ್ಳಿ, ಮನಸ್ಸಿಗೆ ಖುಷಿ ಆದ್ರೆ ಇಟ್ಕೊಳ್ಳಿ, ಇಲ್ಲಾಂದ್ರೆ ಥ್ಯಾಂಕ್ಸ್ ಹೇಳಿ ಕಳಿಸಿ. ಪಾಪ ಆಯಮ್ಮನೇ ಮೂರನೇ ಮಗು ಆದ್ಮೇಲೆ, 2023ರಲ್ಲಿ, ಮನೆ ಓರಣವಾಗಿಡೋದನ್ನ ಹೆಚ್ಚುಕಮ್ಮಿ ಕೈಬಿಟ್ಟಿದೀನಿ ಅಂದ್ರು. ಅವತ್ತಿಂದ ನನಗೆ ಅವರ ಮೇಲೆ ಗೌರವ ಜಾಸ್ತಿ ಆಗಿದೆ. ಇನ್ನು ಅಮೆರಿಕದ ಟೊಲೆಡೊ ಯೂನಿವರ್ಸಿಟಿಯವರು 36 ಪುಟ್ಟ ಮಕ್ಕಳನ್ನ ಕೂರಿಸಿ ಒಂದ್ಸಲ 4 ಆಟದ ಸಾಮಾನು, ಇನ್ನೊಂದ್ಸಲ 16 ಕೊಟ್ಟು ನೋಡಿದ್ರು, 4 ಇದ್ದಾಗ ಮಕ್ಕಳು ಒಂದೊಂದರಲ್ಲೂ ಹೆಚ್ಚು ಹೊತ್ತು, ಹೆಚ್ಚು ಥರ ಆಡಿದ್ವು ಅಂತ 2018ರಲ್ಲಿ ಪ್ರಕಟ ಮಾಡಿದ್ರು. ನಾನೂ ಉತ್ಸಾಹದಲ್ಲಿ ನಾಲ್ಕು ಬಿಟ್ಟು ಎಲ್ಲ ಮಂಚದ ಕೆಳಗೆ ಸೇರಿಸಿದೆ. ನಮ್ಮವನು ನಾಲ್ಕರಲ್ಲಿ ಹತ್ತು ನಿಮಿಷ ಆಡಿ, ಎದ್ದು ಅಡುಗೆಮನೆಗೆ ಹೋಗಿ ಲಟ್ಟಣಿಗೆ, ಒಗ್ಗರಣೆ ಸೌಟು, ಇಡ್ಲಿ ತಟ್ಟೆ, ಕುಕ್ಕರ್ ವೆಯ್ಟು ತಂದು ಹದಿನಾರು ಮಾಡ್ಕೊಂಡ. ಸಂಶೋಧನೆ ಸುಳ್ಳು ಅಂತ ನಾನು ಹೇಳ್ತಿಲ್ಲ, ಅವರ ರೂಮಲ್ಲಿ ಅಡುಗೆಮನೆ ಇರಲಿಲ್ಲ ಅಷ್ಟೇ.

ನಮ್ಮಮ್ಮನಿಗೆ ಇದ್ಯಾವುದೂ ಗೊತ್ತಿರಲಿಲ್ಲ, ಅವಳ ಹತ್ರ ಬಚ್ಚಲೊಲೆ ಇತ್ತು. ಪಾಂಡವಪುರದ ಹತ್ರ ನಮ್ಮೂರು, ಬಚ್ಚಲಲ್ಲಿ ಹೂತ ತಾಮ್ರದ ಹಂಡೆ, ಅದರ ಕೆಳಗೆ ಒಲೆ, ಬೆಳಗ್ಗೆ ಐದಕ್ಕೆಲ್ಲ ಅಮ್ಮ ಅದಕ್ಕೆ ತೆಂಗಿನ ಮಟ್ಟೆ ಹಾಕೋಳು. ಆ ಒಲೆ ಏನು ಕೊಟ್ರೂ ಅರಗಿಸ್ಕೊಳ್ತಿತ್ತು. ಕಬ್ಬಿನ ರವದಿ, ಚಿಪ್ಪು, ಹಳೇ ಪೊರಕೆ, ಕಿತ್ತೋದ ಚಾಪೆ, ಕಳೆದ ವರ್ಷದ ನೋಟ್‌ಬುಕ್ಕು. ನಮ್ಮ ಕಾಲದಲ್ಲಿ ಮಕ್ಕಳಿಗೆ ಆಟದ ಸಾಮಾನೇ ಇರಲಿಲ್ಲ ಅಂತ ಎಲ್ಲರೂ ಹೇಳೋದು ಕೇಳಿದೀನಿ, ನನಗೆ ಅದು ಪೂರ್ತಿ ನಿಜ ಅನ್ಸಲ್ಲ. ನಮ್ಮ ಹತ್ರಾನೂ ರಾಶಿ ಇತ್ತು. ಚೌಕಾಬಾರಕ್ಕೆ ಬಳೆಚೂರು, ಅಳಗುಳಿ ಮಣೆಗೆ ಹುಣಸೆಬೀಜ, ಕುಂಟೆಬಿಲ್ಲೆಗೆ ಹೆಂಚಿನ ಚೂರು, ಜಾತ್ರೇಲಿ ತಂದ ಮಣ್ಣಿನ ಮಡಕೆ ಕುಡಿಕೆ, ಸೋಡಾ ಮುಚ್ಚಳ, ಮತ್ತೆ ನನ್ನಣ್ಣನ ಸಿಗರೇಟ್ ಪ್ಯಾಕ್ ಮತ್ತು ಬೆಂಕಿಪೊಟ್ಟಣದ ಕಲೆಕ್ಷನ್. ಒಂದು ಚಳಿಗಾಲದ ಬೆಳಗ್ಗೆ ಅವನು ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತು ಕೈ ಕಾಯಿಸ್ಕೊಳ್ತಾ ಇದ್ದ, ಇವತ್ತು ಉರಿ ಚೆನ್ನಾಗಿದೆ ಅಂತಾನೂ ಅಂದ, ನೋಡಿದ್ರೆ ಉರೀತಾ ಇದ್ದಿದ್ದು ಅವನ ಬೆಂಕಿಪೊಟ್ಟಣಗಳೇ. ಎಷ್ಟು ಅತ್ತ ಅಂದ್ರೆ ಅಮ್ಮ ಅವತ್ತು ಅವನಿಗೆ ಎರಡು ಚೊಂಬು ಬಿಸಿನೀರು ಜಾಸ್ತಿ ಹುಯ್ದಳು. ಸಮಾಧಾನ ಅಂದ್ರೆ ಅವಳ ಲೆಕ್ಕದಲ್ಲಿ ಅಷ್ಟೇ. ಅವನಿಗೀಗ ನಲವತ್ತೈದು, ಈಗ್ಲೂ ಮರೆತಿಲ್ಲ.

ಕ್ರೂರ ಅಂತ ಇವತ್ತು ಅನ್ನಬಹುದು, ಆದ್ರೆ ಸಾಮಾನಿಗೊಂದು ಕೊನೆ ಇತ್ತು. ಸುಟ್ಟು ಬೂದಿ ಆಗೋದು, ಬೂದಿ ಪಾತ್ರೆ ತಿಕ್ಕೋಕೆ ಹೋಗೋದು, ಮಿಕ್ಕಿದ್ದು ತಿಪ್ಪೆಗೆ. ನನ್ನ ಮನೇಲಿರೋ ಈ ರಾಶಿನ ಯಾವ ಒಲೆಗೂ ಹಾಕೋ ಹಾಗಿಲ್ಲ, ಹಾಕಿದ್ರೆ ಹೊಗೆಗೆ ಇಡೀ ಅಪಾರ್ಟ್‌ಮೆಂಟ್ ಕೆಮ್ಮುತ್ತೆ. 1958ರಲ್ಲಿ ಮಾಡಿದ ಲೆಗೊ ಇಟ್ಟಿಗೆ ಇವತ್ತಿನ ಇಟ್ಟಿಗೆಗೂ ಟಕ್ ಅಂತ ಕೂರುತ್ತೆ. ಹೆಮ್ಮೆ ಪಡೋ ವಿಷಯಾನೇ, ಆದ್ರೆ ರಾತ್ರಿ ಹೊತ್ತು ಅದನ್ನ ತುಳಿದೋರಿಗೆ, ಇದು ನನ್ನ ಮೊಮ್ಮಕ್ಕಳ ಕಾಲಿಗೂ ಹೀಗೇ ಚುಚ್ಚುತ್ತೆ ಅನ್ನೋದೂ ಹೊಳೆಯುತ್ತೆ.

ಸಂಜೆ ಹೊತ್ತಿಗೆ ಮೂರು ದೊಡ್ಡ ಬ್ಯಾಗ್ ರೆಡಿ ಆದ್ವು. ಕೆಲಸಕ್ಕೆ ಬರೋ ಅಕ್ಕನಿಗೆ ಕೊಟ್ರಾಯ್ತು, ಅವರಿಗೆ ಇಬ್ರು ಮೊಮ್ಮಕ್ಕಳು ಅಂತ ನಾನು ಧಾರಾಳವಾಗಿ ಅಂದ್ಕೊಂಡಿದ್ದೆ. ಮಾರನೇ ದಿನ ಬ್ಯಾಗ್ ತೋರಿಸಿದೆ. ಅವರು ಸೊಂಟಕ್ಕೆ ಸಿಕ್ಕಿಸಿದ ಸೆರಗಲ್ಲಿ ಕೈ ಒರೆಸ್ಕೊಂಡು, ಬಾಲ ಇಲ್ಲದ ಡೈನೋಸಾರ್ ಎತ್ತಿ ಎರಡೂ ಕಡೆ ನೋಡಿ ಮೆತ್ತಗೆ ವಾಪಸ್ ಇಟ್ರು. "ಬ್ಯಾಡ ಕನಕ್ಕ, ನೀವು ಕೆಳಗಡೆ ಮನೆಯೋರು ಮೇಲ್ಗಡೆ ಮನೆಯೋರು ಎಲ್ರೂ ಕೊಟ್ಟಿದ್ದು ಮನೆ ತುಂಬೋಗದೆ, ಇರೋದೊಂದು ರೂಮು, ಮಲಗಕ್ಕೆ ಜಾಗ ಇಲ್ಲ" ಅಂದ್ರು. ಆಮೇಲೆ ನನಗೆ ಬೇಜಾರಾಗ್ಬಾರ್ದು ಅಂತಾನೋ ಏನೋ ಒಂದು ಸ್ಕೆಚ್ ಪೆನ್ ಡಬ್ಬ ಮಾತ್ರ ತಗೊಂಡ್ರು. ನನಗೆ ನಾಚಿಕೆ ಆಯ್ತು. ನನ್ನ ಮಗ ಬೇಡ ಅಂದಿದ್ದು ಅವರ ಮೊಮ್ಮಗನಿಗೆ ಯಾಕೆ ಬೇಕಾಗಬೇಕು ಅಂತ ಒಂದು ಸಲಾನೂ ಯೋಚನೆ ಮಾಡಿರಲಿಲ್ಲ, ಬಾಲಾನೂ ಹುಡುಕಿರಲಿಲ್ಲ.

ಗುಜರಿಯವನು ಬ್ಯಾಗೊಳಗೆ ಕೈ ಹಾಕಿ, ಇದು ಮಿಕ್ಸ್ ಮಾಲು ಮೇಡಂ, ಒಳಗೆ ಸ್ಕ್ರೂ ವಯರ್ ಎಲ್ಲ ಇರುತ್ತೆ ಬೇಡ, ನ್ಯೂಸ್‌ಪೇಪರ್ ಇದ್ರೆ ಕೊಡಿ ಅಂದ. ಇನ್ನು ಬೆಂಗಳೂರಿನ ಎರಡು ಡಬ್ಬ ಒಂದು ಬ್ಯಾಗ್ ಲೆಕ್ಕದಲ್ಲಿ ಹಸಿರು ಡಬ್ಬಕ್ಕೆ ಹಸಿ ಕಸ, ಕೆಂಪು ಡಬ್ಬಕ್ಕೆ ಡೈಪರ್ ಇತ್ಯಾದಿ, ಬ್ಯಾಗಿಗೆ ಒಣ ಕಸ. ಹಾಡೋ ಹಸು ಎಲ್ಲಿಗೆ? ಮೈ ಪ್ಲಾಸ್ಟಿಕ್ಕು, ಒಣ ಕಸ. ಹೊಟ್ಟೆಯೊಳಗೆ ಸರ್ಕ್ಯೂಟು, ಅದು ಇ-ಕಸ. ಬ್ಯಾಟರಿ ತೆಗೆಯೋಣ ಅಂದ್ರೆ ಸ್ಕ್ರೂ ತುಕ್ಕು ಹಿಡಿದಿದೆ. ಹಸುನ ವಾಪಸ್ ಬ್ಯಾಗಿಗೆ ಹಾಕಿ, ಯಾವುದಾದ್ರೂ ಆಶ್ರಮ ನೋಡಿ ಕೊಡೋಣ ಅಂತ ಮೂರೂ ಬ್ಯಾಗು ಕಾರಿನ ಡಿಕ್ಕಿಗೆ ಸೇರಿಸಿದ್ವಿ. ಡಿಕ್ಕಿಗೆ ಹೋದ ಸಾಮಾನು ಮನೆಯಿಂದ ಹೋದ ಹಾಗೇ ಅನ್ಸುತ್ತೆ, ಅದೊಂದು ಸುಖ. ತರಕಾರಿ ಚೀಲ ಕಾಲ ಹತ್ರ ಇಟ್ಕೊಂಡು ಓಡಾಡಿದ್ವಿ ನಾಲ್ಕೈದು ತಿಂಗಳು.

ಗೌರಿ ಹಬ್ಬಕ್ಕೆ ಊರಿಗೆ ಹೊರಟ್ವಿ. 2023ರಲ್ಲಿ ಮೈಸೂರು ಹೈವೇ ಹೊಸದಾಗಿ ಆದ್ಮೇಲೆ ಚನ್ನಪಟ್ಟಣ ಸಿಗೋದೇ ಇಲ್ಲ, ಬೈಪಾಸಲ್ಲಿ ಹೊರಗಿಂದಾನೇ ದಾಟಿ ಹೋಗ್ತೀವಿ, ಹಳೇ ರೋಡಲ್ಲಿ ಸಾಲಾಗಿ ನೇತಾಡ್ತಿದ್ದ ಮರದ ಕುದುರೆಗಳು ಕಣ್ಣಿಗೆ ಬೀಳಲ್ಲ. ಅವತ್ತು ಮಗಳು ಸ್ಕೂಲ್ ಪ್ರಾಜೆಕ್ಟಿಗೆ ಬೊಂಬೆ ಮಾಡೋದು ನೋಡಲೇಬೇಕು ಅಂತ ಹಟ ಹಿಡಿದಿದ್ಲು ಅಂತ ಊರೊಳಗೆ ತಿರುಗಿಸಿದ್ವಿ. ಮೊದಲನೇ ಹಂಪ್ ಎತ್ತಿ ಹಾಕ್ತು ನೋಡಿ, ಡಿಕ್ಕಿಯಿಂದ ಹಸು ಹಾಡೋಕೆ ಶುರು. ಮಗ ಸೀಟ್ ಮೇಲೆ ನಿಂತು ಹಿಂದಕ್ಕೆ ತಿರುಗಿ "ಅಮ್ಮಾ! ನನ್ ಹಸು ಸತ್ತೋಗಿಲ್ಲ!" ಅಂದ. ಆಶ್ರಮಕ್ಕೆ ಕೊಟ್ವಿ ಅಂತ ಹೇಳಿದ್ದೆ ಅವನಿಗೆ. ಗಾಡಿ ನಿಲ್ಲಿಸಿ ತೆಗೆದು ಕೊಡಬೇಕಾಯ್ತು, ಹಸು, ಡೈನೋಸಾರ್, ಮೂರು ಕಾರು, ಮನೇಲಿದ್ದಾಗ ಒಂದು ವರ್ಷ ಮುಟ್ಟದೇ ಇದ್ದಿದ್ದು ಈಗ ಎದೆಗವಚ್ಕೊಂಡು ಕೂತ.

ಬೊಂಬೆ ಮಾಡೋರ ಮನೇಲಿ ಅರ್ಧ ಗಂಟೆ ನಿಂತ್ವಿ. ಆಲೆ ಮರದ ತುಂಡು ಗಿರ್ರಂತ ತಿರುಗ್ತಿರುತ್ತೆ, ಬಣ್ಣದ ಅರಗಿನ ಕಡ್ಡಿ ಒತ್ತಿದ ತಕ್ಷಣ ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಅಂಟ್ಕೊಳುತ್ತೆ, ಮೇಲೆ ತಾಳೆ ಗರಿ ಹಿಡಿದ್ರೆ ಗಾಜಿನ ಥರ ಹೊಳಪು. ಮರ, ಅರಗು, ಗರಿ. ನಮ್ಮ ಬಚ್ಚಲೊಲೆ ಬೇಡ ಅಂತಿರಲಿಲ್ಲ ಅಂತ ನನಗೆ ಕೆಟ್ಟದಾಗಿ ಹೊಳೀತು, ಬಾಯಿ ಬಿಡಲಿಲ್ಲ. ಎರಡು ಬುಗುರಿ, ಒಂದು ಎಳೆಯೋ ಆನೆ ತಗೊಂಡ್ವಿ. ಹೌದು, ತಗೊಂಡ್ವಿ.

ಊರಿಗೆ ಹೋಗಿ ಇಳಿಸೋವಾಗ ಅಮ್ಮ ಬ್ಯಾಗ್ ನೋಡಿ ಏನೇ ಇದು ಅಂದ್ಲು. ಹೇಳಿದೆ. ನಿನ್ನ ಒಲೆ ಇದ್ದಿದ್ರೆ ಚೆನ್ನಾಗಿತ್ತು ಅಂತಾನೂ ಅಂದೆ. ಒಲೆ ಒಡೆಸಿ ಎಷ್ಟೋ ವರ್ಷ ಆಯ್ತು, ಮಹಡಿ ಮೇಲೆ ಸೋಲಾರ್ ಇದೆ, ಹಂಡೆ ಹಾಲ್‌ಗೆ ಬಂದು ಅದರಲ್ಲೊಂದು ಮನಿ ಪ್ಲಾಂಟ್ ಬೆಳೀತಿದೆ. ಅಮ್ಮ ಒಂದು ಬ್ಯಾಗ್ ತಾನೇ ಎತ್ಕೊಂಡು ಬಚ್ಚಲ ಕಡೆ ನಡೆದ್ಲು. ಒಲೆ ಇದ್ದ ಜಾಗಕ್ಕೆ ಕಡಪ ಕಲ್ಲು ಹಾಕಿಸಿ ಗೂಡು ಮಾಡಿಸಿದಾಳೆ. ಅಲ್ಲಿ ಆಗಲೇ ಅಣ್ಣನ ಮಗನ ಮೂರು ಚಕ್ರದ ಸೈಕಲ್ಲು, ಒಂದು ವಾಕರ್ರು, ಗಾಳಿ ಹೋದ ಈಜೋ ಬಾತುಕೋಳಿ, ಎರಡು ಪಾಪ್ ಇಟ್ಟು.

"ಇನ್ನೂ ಜಾಗ ಇದೆ, ಒತ್ತಿ ಇಡು" ಅಂದ್ಲು.